ಸೂಜಿಯ ಮೂರನೇ ಚೂರು

ಎಲ್ ಮಾಂಟೆ ಊರಿನ ನಮ್ಮ ಹೊಲಿಗೆ ಶೆಡ್ಡಿನಲ್ಲಿ ಸಂತ ಅಂತೋನಿಯೊ ಹನ್ನೊಂದು ವರ್ಷ ತಲೆಕೆಳಗಾಗಿ ನಿಂತಿದ್ದ. ಕಳೆದದ್ದನ್ನು ಹುಡುಕಿಕೊಡುವುದು ಅವನ ಕೆಲಸ. ಕೊಡುವವರೆಗೆ ಬೊಂಬೆಯನ್ನು ತಲೆಕೆಳಗೆ ನಿಲ್ಲಿಸುವುದು ನಮ್ಮ ಪದ್ಧತಿ. ಬೇರೆಯವರ ಮನೆಯಲ್ಲಿ ಎರಡು ದಿನಕ್ಕೆ ಬೀಗದ ಕೈ ಸಿಕ್ಕಿ ಅವನಿಗೆ ಬಿಡುಗಡೆಯಾಗುತ್ತದೆ. ನಮ್ಮವನು ಸಿಕ್ಕಿಬಿದ್ದದ್ದು ಎರ್ಲಿಂದಾ ಸೆಪೇದಾಳ ಕೈಗೆ. ಅವಳ ಹಟ ನಿಮಗೆ ಗೊತ್ತಿಲ್ಲ.

ನನಗೆ ಗೊತ್ತು. ಇಪ್ಪತ್ತು ವರ್ಷ ಅವಳ ಪಕ್ಕದ ಮಷಿನ್ನಿನಲ್ಲಿ ಕೂತವಳು ನಾನು, ಹೆಸರು ಚೆಲೋ. ನನ್ನ ಮಗಳ ಜ್ಞಾನಸ್ನಾನದಲ್ಲಿ ಕೂಸನ್ನು ಎತ್ತಿಕೊಂಡವಳು ಅವಳೇ. ಅಂದಿನಿಂದ ಅವಳು ನನಗೆ ಕೊಮಾದ್ರೆ, ನಾನು ಅವಳಿಗೆ ಕೊಮಾದ್ರೆ. ಅಕ್ಕತಂಗಿಯರಿಗಿಂತ ಹತ್ತಿರದ ಸಂಬಂಧ, ಜಗಳವೂ ಅಷ್ಟೇ ಜಾಸ್ತಿ.

ನಾವು ಹೊಲಿಯುತ್ತಿದ್ದದ್ದು ಲಂಗ ರವಿಕೆಯಲ್ಲ, ಗ್ರಹಗಳ ಕಡೆ ಹೋಗುವ ನೌಕೆಗಳಿಗೆ ಹೊದಿಕೆ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಬೆಳ್ಳಿಬಣ್ಣದ ಹಾಳೆ, ಅದರ ಮೇಲೆ ಬಲೆಬಟ್ಟೆ, ಮತ್ತೆ ಹಾಳೆ, ಹೀಗೆ ಇಪ್ಪತ್ತು ಪದರ. "ನಮ್ಮಜ್ಜಿ ಹಳೇ ಬಟ್ಟೆ ಸೇರಿಸಿ ಹೊಲೀತಿದ್ಲಲ್ಲ, ಅದೇ ಇದು. ಜಂಬ ಸ್ವಲ್ಪ ಜಾಸ್ತಿ ಅಷ್ಟೆ" ಎನ್ನುತ್ತಿದ್ದಳು ಎರ್ಲಿಂದಾ.

ಅವಳ ಬಳಿ ಒಂದು ನೋಟ್‌ಬುಕ್ ಇತ್ತು. ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ ಜೋಡಿಸಿ, ಪುಟಕ್ಕೆ ಟೇಪಿನಿಂದ ಅಂಟಿಸಿ, ತಾರೀಖು ಮತ್ತು ಯಾವ ಹೊದಿಕೆ ಎಂಬುದನ್ನು ಬರೆಯುತ್ತಿದ್ದಳು. ಹದಿನೇಳನೇ ವಯಸ್ಸಿನಲ್ಲಿ ತನ್ನೂರು ತೆವಾಕಾನಿನ ಗಾರ್ಮೆಂಟ್ಸಿನಲ್ಲಿ ಅವಳು ಹೊಲಿದ ಕೂಸಿನ ಅಂಗಿಯೊಳಗೆ ಮುರಿದ ಮೊನೆ ಉಳಿದುಹೋಗಿ, ಆ ಕೂಸಿನ ತಾಯಿ ರಕ್ತದ ಕಲೆಯ ಅಂಗಿ ಹಿಡಿದು ಬಾಗಿಲಿಗೆ ಬಂದಿದ್ದಳಂತೆ. ಮಾಲೀಕ ನಕ್ಕು ಕಳಿಸಿದ. ಇವಳು ಮೂರು ದಿನ ಊಟ ಬಿಟ್ಟಳು, ನಾಲ್ಕನೇ ದಿನ ನೋಟ್‌ಬುಕ್ ಕೊಂಡಳು. ನಮ್ಮ ಮಾಲೀಕ ಪ್ರೂಯಿಟ್ "ಮುರಿದ ಸೂಜಿಗೆಲ್ಲ ಜಾತಕ ಬರೀತಾ ಕೂತ್ರೆ ಹೊಲಿಯೋದ್ಯಾವಾಗಮ್ಮ?" ಎಂದು ಹಂಗಿಸಿದರೂ ಅವಳು ಬಿಡಲಿಲ್ಲ.

ಗುರುಗ್ರಹಕ್ಕೆ ಹೊರಟಿದ್ದ ನೌಕೆಯೊಂದಕ್ಕೆ ಉದ್ದನೆಯ ಕೋಲಿತ್ತು. ಕಾಂತಶಕ್ತಿ ಅಳೆಯುವ ಉಪಕರಣ ಕೂರುವುದು ಆ ಕೋಲಿನ ತುದಿಯಲ್ಲಿ. ಅದಕ್ಕೆ ಹೊದಿಕೆ ಹೊಲಿಯುವಾಗ ಎರ್ಲಿಂದಾಳ ಸೂಜಿ ಪಟ್ಟೆಂದು ಮುರಿಯಿತು. ಕೈಗೂ ಚುಚ್ಚಿತು, ನಮಗದು ದಿನದ ಮಾತು. ಎರಡು ಚೂರು ಸಿಕ್ಕವು, ಮೊನೆ ಸಿಗಲಿಲ್ಲ. ಹೊದಿಕೆಯನ್ನು ಪದರ ಪದರವಾಗಿ ಬಿಚ್ಚಿ ಜಾಲಾಡಿದಳು. ನಾನು ಮಂಡಿಯೂರಿ ನೆಲ ಗುಡಿಸಿದೆ. ಕೊನೆಗೆ ಅದನ್ನೇ ಮತ್ತೆ ಹೊಲಿದದ್ದಾಯಿತು, ಪ್ರೂಯಿಟ್ ಕೊಂಡೊಯ್ದ. ಇವಳು ಪುಟದಲ್ಲಿ "ಮೂರನೇ ಚೂರು ಸಿಕ್ಕಿಲ್ಲ" ಎಂದು ಬರೆದು, ಸಂತನನ್ನು ತಲೆಕೆಳಗೆ ಮಾಡಿದಳು.

"ಅದು ಗುರುವಿನ ಹತ್ರ ಹೋಯ್ತು ಕೊಮಾದ್ರೆ" ಎಂದು ಆಗಾಗ ಕೊರಗುತ್ತಿದ್ದಳು.

"ಹೋಗ್ಲಿ ಬಿಡೇ! ನಾವಂತೂ ವಿಮಾನಾನೇ ಹತ್ತಿಲ್ಲ, ನಿನ್ನ ಸೂಜಿಯಾದ್ರೂ ಊರು ನೋಡ್ಲಿ" ಎಂದು ನಾನು ಗದರುತ್ತಿದ್ದೆ. ಅವಳು ನಗುತ್ತಿರಲಿಲ್ಲ. ಚಳಿ ಬಿದ್ದರೆ ಹೆಬ್ಬೆರಳು ನೋಯುತ್ತದೆಂದು ಉಜ್ಜಿಕೊಳ್ಳುತ್ತ ಕೂರುತ್ತಿದ್ದಳು. ರೇಡಿಯೋಗಿಂತ ಮೊದಲು ಹವೆ ಹೇಳುವ ಬೆರಳದು ಎಂದು ಶೆಡ್ಡೆಲ್ಲ ತಮಾಷೆ ಮಾಡುತ್ತಿತ್ತು.

ಹನ್ನೊಂದು ವರ್ಷದ ಮೇಲೆ ಒಂದು ಸೋಮವಾರ ಡಾಕ್ಟರ್ ಹಸ್ಮಿಕ್ ತೆರ್ಜಿಯನ್ ಎಂಬ ವಿಜ್ಞಾನಿ ಶೆಡ್ಡಿಗೆ ಬಂದಳು. ಆ ಉಪಕರಣ ಅವಳದೇ. ಆರ್ಮೇನಿಯದವಳು, ಅಜ್ಜ ದರ್ಜಿ. ನಮ್ಮ ಭಾಷೆಯನ್ನು ತಪ್ಪು ತಪ್ಪಾಗಿ, ಆದರೆ ನಾಚಿಕೆಯಿಲ್ಲದೆ ಆಡುತ್ತಿದ್ದಳು, ಎರ್ಲಿಂದಾಳನ್ನು ಗೌರವದಿಂದ ದೋನ್ಯಾ ಎನ್ನುತ್ತಿದ್ದಳು. ಮುಖ ನೋಡಿದರೆ ವಾರದಿಂದ ನಿದ್ದೆಯಿಲ್ಲ.

"ಗುರುವಿಗೊಂದು ಚಂದ್ರ ಇದೆ ದೋನ್ಯಾ ಎರ್ಲಿಂದಾ, ಪೂರ್ತಿ ಮಂಜುಗಡ್ಡೆ. ಅದರಡಿ ಉಪ್ಪುನೀರಿನ ಸಮುದ್ರ ಇದೆ ಅಂತ ನಾನು. ಗುರುವಿನ ಕಾಂತಶಕ್ತಿ ಅಲ್ಲಿ ತೊಟ್ಟಿಲ ಹಾಗೆ ತೂಗ್ತಿರುತ್ತೆ, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಒಳಗೆ ಉಪ್ಪುನೀರಿದ್ರೆ ಪ್ರತಿ ಸಲಾನೂ ಎದುರು ದಿಕ್ಕಿಗೆ ಜವಾಬು ಕೊಡುತ್ತೆ. ಉಕ್ಕಿನ ಚೂರಾದ್ರೆ ಯಾವಾಗ್ಲೂ ಒಂದೇ ಕಡೆ. ನಮ್ಮ ನೌಕೆ ಹತ್ರ ಹೋದಾಗೆಲ್ಲ ತೊಟ್ಟಿಲು ಒಂದೇ ಕಡೆ ಇತ್ತು. ಇನ್ನೊಂದು ಕಡೆ ಇದ್ದಾಗ ಒಂದ್ಸಲ ಹೋದ್ರೆ ಸಾಕು!"

"ಮತ್ತೆ ಹೋಗಿ" ಎಂದೆ ನಾನು.

"ಇಂಧನ ಒಂದೇ ಸುತ್ತಿಗಿದೆ. 'ನಿಮ್ಮ ಉಪಕರಣದ ಪಕ್ಕ ಉಕ್ಕಿನ ಚೂರು ಬಿಟ್ಟಿದ್ದೀರಿ, ಅದೇ ನಿಮ್ಮ ಸಮುದ್ರ' ಅಂತ ನೌಕೆಯ ದಾರಿ ಗೊತ್ತು ಮಾಡೋ ಸಮಿತಿಯೋರು ನಗ್ತಾರೆ. ಶುಕ್ರವಾರ ಆ ಸುತ್ತನ್ನ ಬೇರೆಯವರಿಗೆ ಕೊಟ್ಟುಬಿಡ್ತಾರೆ. ನೀವು ಮುರಿದ ಸೂಜಿ ಎಲ್ಲಾ ಇಟ್ಕೊಂಡಿದೀರಂತಲ್ಲ?"

ಎರ್ಲಿಂದಾ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಳು. ನೋಟ್‌ಬುಕ್ ತರಲು ಕಪಾಟಿನ ಬಳಿ ಹೋದವಳ ಹಿಂದೆಯೇ ನಾನೂ ಓಡಿದೆ. "ಆ ಪುಟ ಹರಿದು ಬಾಯಿಗೆ ಹಾಕ್ಕೊಳೇ! ಯಾರಿಗೆ ಗೊತ್ತಾಗುತ್ತೆ?"

"ಹರಿದ್ರೆ ಚೂರು ಅಲ್ಲಿಂದ ಎದ್ದು ಬರುತ್ತೇನೇ?" ಎಂದಳು. ನೇರ ಹೋಗಿ ಬೇರಾವ ಪುಟವನ್ನೂ ಅಲ್ಲ, ಅದನ್ನೇ ಬಿಡಿಸಿ ಡಾಕ್ಟರ ಮುಂದಿಟ್ಟಳು.

ಡಾಕ್ಟರ್ ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ, "ಈ ಎರಡು ಚೂರು ನಾಳೆ ನಮ್ಮಲ್ಲಿಗೆ ತನ್ನಿ. ಅಂಥದ್ದೇ ಇನ್ನೊಂದು ಉಪಕರಣ ಇದೆ. ಮೊನೆಯ ಶಕ್ತಿ ಎಷ್ಟಿರಬಹುದು ಅಂತ ಅಳೆಯೋಣ" ಎಂದಳು. ಅವಳ ದನಿಯಲ್ಲಿ ಜೀವವಿರಲಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ, ಸುಳ್ಳೇಕೆ.

ಮರುದಿನ ಡಾಕ್ಟರ ಪ್ರಯೋಗಾಲಯದಲ್ಲಿ ನಮ್ಮ ಉಂಗುರ, ಓಲೆ, ಹೇರ್‌ಪಿನ್ನು, ಕೊನೆಗೆ ಒಳಗಿನ ಕೊಕ್ಕೆಗಳನ್ನೂ ಬಿಚ್ಚಿಸಿ, ಹತ್ತಿಯ ನಿಲುವಂಗಿ ಕೊಟ್ಟರು. ಮೇಜಿನ ಮೇಲೆ ಮುಷ್ಟಿಯಷ್ಟು ಉಪಕರಣ, ಅದಕ್ಕೂ ಒಂದು ಹೊದಿಕೆ. ಪರದೆಯ ಮೇಲೆ ಕಾಂತಶಕ್ತಿ ತೋರಿಸುವ ಹಸಿರು ಗೆರೆ ಅಲುಗದೆ ಮಲಗಿತ್ತು. ಸೂಜಿಯ ಚೂರುಗಳ ಡಬ್ಬಿ ಇನ್ನೂ ಬಾಗಿಲಾಚೆಯೇ ಇತ್ತು.

ಎರ್ಲಿಂದಾ ಅದನ್ನೆಲ್ಲ ನೋಡಲೇ ಇಲ್ಲ. ಅವಳ ಕಣ್ಣು ಹೊದಿಕೆಯ ಅಂಚಿನ ಮೇಲೆ. "ಇದ್ಯಾವ ಪುಣ್ಯಾತ್ಗಿತ್ತಿ ಹೊಲಿದಿದ್ದು? ಹೊಲಿಗೆ ಹಾವಿನ ಥರ ಹೋಗಿದೆ" ಎನ್ನುತ್ತ ಹೆಬ್ಬೆರಳಿನಿಂದ ಸವರಹೊರಟಳು.

ಗೆರೆ ಛಂಗನೆ ಹಾರಿತು.

"ಮೈಮೇಲೆ ಏನೋ ಲೋಹ ಇದೆ, ತೆಗೀರಿ" ಎಂದಳು ಡಾಕ್ಟರ್.

"ಇನ್ನೇನು ಚರ್ಮ ತೆಗೀಲಾ?" ಎಂದಳು ಇವಳು. ಕೈ ಹಿಂದೆಳೆದಳು, ಗೆರೆ ಮಲಗಿತು. ಕೈ ಚಾಚಿದಳು, ಮತ್ತೆ ಹಾರಿತು.

"ಲೇ ಕೊಮಾದ್ರೆ!" ಎಂದು ಕಿರುಚಿಬಿಟ್ಟೆ. "ಆವತ್ತು ನಿನ್ನ ಸೂಜಿ ಚುಚ್ಚಿದ್ದು ಯಾವ ಬೆರಳಿಗೆ?"

ಅವಳು ಹೆಬ್ಬೆರಳನ್ನು ಮೊದಲ ಸಲ ಕಾಣುವವಳಂತೆ ನೋಡಿಕೊಂಡಳು. ಡಾಕ್ಟರ್ ಅವಳ ಕೈ ಹಿಡಿದು ಉಪಕರಣದ ಮುಂದೆ ಒಂದೊಂದೇ ಬೆರಳು ತಂದಳು. ನಾಲ್ಕಕ್ಕೆ ಗೆರೆ ಮಿಸುಕಲಿಲ್ಲ. ಐದನೆಯದಕ್ಕೆ ಕುಣಿಯಿತು.

ಅವತ್ತೇ ಎಕ್ಸ್‌ರೇ ತೆಗೆಸಿದರು. ಮೂಳೆಯ ಪಕ್ಕದಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಬಿಳಿ ಮೊನೆ. ಆಸ್ಪತ್ರೆಯಲ್ಲಿ ಅದನ್ನು ಕೊಯ್ದು ತೆಗೆದಾಗ, ಹನ್ನೊಂದು ವರ್ಷ ಅಳದವಳು ಗೊಳೋ ಎಂದು ಅತ್ತಳು, ನೋವಿಗಲ್ಲ. "ಅಲ್ಲಿಗೆ ಹೋಗಿಲ್ಲ, ಹೋಗಿಲ್ಲ" ಎಂದದ್ದನ್ನೇ ಅನ್ನುತ್ತಿದ್ದಳು. ನಾನೂ ಅತ್ತೆ. ಅತ್ತು ಮುಗಿಸಿ, "ಹನ್ನೊಂದು ವರ್ಷ ಹವೆ ಹೇಳಿದ್ದು ಬೆರಳಲ್ಲ, ಸೂಜಿ! ದಡ್ಡಿ!" ಎಂದು ಬೈದೆ.

ಮೊನೆಯನ್ನು ಪುಟದ ಖಾಲಿ ಜಾಗದಲ್ಲಿ ಅಂಟಿಸಿದಳು. ಮೂರೂ ಸೇರಿ ಕೂದಲೆಳೆಯಷ್ಟೂ ಸಂದಿಲ್ಲದ ಒಂದು ಸೂಜಿಯಾಯಿತು.

"ಈಗಾದ್ರೂ ಆ ಸಂತನ್ನ ನೆಟ್ಟಗೆ ಮಾಡೇ. ರಕ್ತ ಎಲ್ಲ ತಲೆಗಿಳಿದಿರುತ್ತೆ" ಎಂದೆ.

"ಚೂರು ಸಿಕ್ತು. ಸಮುದ್ರ ಸಿಕ್ತಾ? ನಿಂತಿರ್ಲಿ."

ಶುಕ್ರವಾರ ಬ್ಯಾಂಡೇಜಿನ ಹೆಬ್ಬೆರಳು ಹೊತ್ತು ಅವಳೇ ಸಮಿತಿಯ ಮುಂದೆ ನಿಂತಳು. ಆ ನೌಕೆಯ ಹೊದಿಕೆಗಳವೇ ನಲವತ್ತು ಪುಟ, ಪ್ರತಿ ಪುಟದಲ್ಲೂ ಪೂರ್ತಿ ಸೂಜಿ, ಕೊನೆಗೆ ಎಕ್ಸ್‌ರೇ. "ನಿಮ್ಮ ಉಪಕರಣದ ಪಕ್ಕ ನನ್ನ ಉಕ್ಕು ಒಂದು ಚೂರೂ ಇಲ್ಲ. ಇದ್ದಿದ್ರೆ ನಾನೇ ಹೇಳ್ತಿದ್ದೆ, ಬರೆದೇ ಇಟ್ಟಿದ್ದೆ" ಎಂದಳು. ನಗುತ್ತಿದ್ದವರು ನಗು ನಿಲ್ಲಿಸಿ ಪುಟ ತಿರುವಿದರಂತೆ. ಸಿಗದ ಚೂರನ್ನೂ ಬರೆದಿಟ್ಟವಳ ಮಾತನ್ನು ಹೇಗೆ ನಂಬದಿರುವುದು? ಆ ಸುತ್ತು ಡಾಕ್ಟರ್ ತೆರ್ಜಿಯನ್‌ಗೇ ಸಿಕ್ಕಿತು.

ಜನವರಿಯ ಒಂದು ಬೆಳಿಗ್ಗೆ ಶೆಡ್ಡಿನ ಆರೂ ಹೆಂಗಸರು ಜೋಳದ ಹಿಟ್ಟಿನ ಬಿಸಿ ತಮಾಲೆಯ ಪಾತ್ರೆ ಹೊತ್ತು ಡಾಕ್ಟರ ಪ್ರಯೋಗಾಲಯಕ್ಕೆ ಹೋದೆವು. ಪರದೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ತೊಟ್ಟಿಲು ಇನ್ನೊಂದು ಕಡೆ ಇದ್ದಾಗ ನೌಕೆ ಚಂದ್ರನ ಹತ್ತಿರ ಹೋಗುವ ದಿನ ಅದು. ಸಮುದ್ರವಿದ್ದರೆ, ಹಿಂದಿನ ಸಲಗಳಲ್ಲೆಲ್ಲ ಮೇಲೇರಿದ್ದ ಗೆರೆ ಈ ಸಲ ಕೆಳಗಿಳಿಯಬೇಕು. ಏರಿದರೆ ಸಮುದ್ರವಿಲ್ಲ.

ಗೆರೆ ಸ್ವಲ್ಪ ನಡುಗಿತು. ಎರ್ಲಿಂದಾ ನನ್ನ ಮೊಣಕೈ ಹಿಂಡಿದಳು, ಕಲೆ ಒಂದು ವಾರ ಹೋಗಲಿಲ್ಲ. ಗೆರೆ ಬಾಗಿತು. ಇಳಿಯಿತು. ಇಳಿಯುತ್ತಲೇ ಹೋಯಿತು.

ಡಾಕ್ಟರ್ ಕುರ್ಚಿಯಿಂದ ಎದ್ದವಳು ಯಾರ ಕೈಯನ್ನೂ ಕುಲುಕದೆ, ಜನರನ್ನು ತಳ್ಳಿಕೊಂಡು ಬಂದು ಎರ್ಲಿಂದಾಳನ್ನು ತಬ್ಬಿಕೊಂಡಳು. "ಸಮುದ್ರ, ದೋನ್ಯಾ! ಸಮುದ್ರ!" ಆಮೇಲೆ ಅಲ್ಲೆದ್ದ ಗದ್ದಲದಲ್ಲಿ ನಮ್ಮ ತಮಾಲೆ ಐದು ನಿಮಿಷದಲ್ಲಿ ಖಾಲಿ. ಸಮಿತಿಯವರೇ ಹೆಚ್ಚು ತಿಂದರು, ನಾನು ನೋಡಿದ್ದೇನೆ.

ಶೆಡ್ಡಿಗೆ ವಾಪಸ್ ಬಂದವಳೇ ಎರ್ಲಿಂದಾ ಸ್ವೆಟರನ್ನೂ ಬಿಚ್ಚದೆ ಮಷಿನ್ನಿನ ಬಳಿ ಹೋದಳು. ಸಂತನನ್ನು ಎತ್ತಿ, ನೆಟ್ಟಗೆ ನಿಲ್ಲಿಸಿ, ಹನ್ನೊಂದು ವರ್ಷದ ಧೂಳನ್ನು ಆ ಹೆಬ್ಬೆರಳಿನಿಂದಲೇ ಒರೆಸಿದಳು.