ಮೂರು ಸಲ ತಟ್ಟಬೇಕಿತ್ತು

ನಮ್ಮ ಮಾವನವರ ಹೆಸರು ಚಿಕ್ಕವೆಂಕಟಪ್ಪ. ನಂದಿದುರ್ಗ ಚಿನ್ನದ ಗಣಿಯ ಲೈನ್ ಮನೆಗಳ ಹತ್ತಿರ ಬಂದು ಆ ಹೆಸರು ಹೇಳಿ ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ‘ಡ್ರೈವರ್ ಮನೆ’ ಅಂದರೆ ಮೂಗು ಸುರಿಸುವ ಮಕ್ಕಳೂ ಬಾಗಿಲತನಕ ತಂದು ಬಿಡುತ್ತವೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಇವರು ಲಾರಿಯೋ ಬಸ್ಸೋ ಓಡಿಸಿದವರಿರಬೇಕು ಅಂದುಕೊಂಡಿದ್ದೆ. ಪಕ್ಕದ ಮನೆಯ ಕದಿರಮ್ಮನಿಗೆ ಅದು ಗೊತ್ತಾಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಯಾವ ಲಾರಿ ಕಣಮ್ಮಾ? ಮೂವತ್ತು ವರ್ಸ ಕುಂತ ಕುರ್ಚಿಯಿಂದ ಮೇಲಕ್ಕೇಳ್ದಿರೋ ಡ್ರೈವರು ನಿಮ್ಮಾವ! ಒಂದಂಗುಲ ಮುಂದಕ್ಕೋದೋನಲ್ಲ.”

ಅದು ನಿಜವೇ. ಮಾವ ಓಡಿಸುತ್ತಿದ್ದದ್ದು ಗಣಿಯ ವೈಂಡಿಂಗ್ ಇಂಜಿನ್ನು. ಕೆಲಸಗಾರರನ್ನು ಪಾತಾಳಕ್ಕೆ ಇಳಿಸಿ ಮತ್ತೆ ಮೇಲಕ್ಕೆಳೆಯುವ ಕಬ್ಬಿಣದ ಕೇಜು, ಆ ಕೇಜಿನ ಹಗ್ಗವನ್ನು ಸುತ್ತುವ ಬಿಚ್ಚುವ ಕರೆಂಟ್ ಯಂತ್ರ. ಹತ್ತೊಂಬತ್ತನೇ ವಯಸ್ಸಿಗೆ ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಬಂದು, ಮೊದಲು ಆ ಯಂತ್ರಕ್ಕೆ ಗ್ರೀಸು ಹಚ್ಚುವ ಕೆಲಸ ಮಾಡಿ, ಆಮೇಲೆ ಅದರ ಮುಂದಿನ ಕುರ್ಚಿಗೆ ಏರಿದವರು. ಕೇಜು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಅದು ಆಚೆ ಗಣಿಬಾವಿಯ ಬಾಯಲ್ಲಿ, ಇವರು ಈಚೆ ಇಂಜಿನ್ ಮನೆಯಲ್ಲಿ. ನಡುವೆ ಇದ್ದದ್ದು ಒಂದು ಗಂಟೆ ಮಾತ್ರ. ಬಾವಿಯ ಬಾಯಲ್ಲಿ ನಿಂತವನು ಜನ ಹತ್ತಿದ್ದು, ಬಾಗಿಲು ಮುಚ್ಚಿದ್ದು ಎಲ್ಲ ನೋಡಿ ಗಂಟೆ ಹೊಡೆಯಬೇಕು. ಮೂರು ಹೊಡೆದರೆ ಒಳಗೆ ಮನುಷ್ಯರಿದ್ದಾರೆ ಎಂದು ಅರ್ಥ. ಅದು ಕೇಳದೆ ಹಿಡಿಕೆ ಮುಟ್ಟುವ ಹಾಗಿಲ್ಲ. ದೊರೆಯೇ ಬಂದು ಎದುರಿಗೆ ನಿಂತು ಕೂಗಾಡಿದರೂ ಇಲ್ಲ.

“ಗಂಟೆಯವನು ನನ್ನ ಕಣ್ಣು ಕಣಮ್ಮಾ,” ಅನ್ನುತ್ತಿದ್ದರು ಮಾವ. “ಅವನು ಒಡೀನಿಲ್ಲ ಅಂದ್ರೆ ಏನೋ ಕಂಡವ್ನೆ ಅಂತ. ಯಾಕೊಡೀನಿಲ್ಲ ಅಂತ ಡ್ರೈವರು ಕೇಳ್ಬಾರ್ದು.”

ನನ್ನ ಮಗಳು ಚಂದನ ಹುಟ್ಟಿದಾಗ ಈ ಗಂಟೆ ನಮ್ಮ ಮನೆಯೊಳಕ್ಕೂ ಬಂತು. ತೊಲೆಗೆ ಸೀರೆಯ ಜೋಲಿ ಕಟ್ಟಿದ್ದೆವು. ಅದಕ್ಕೊಂದು ಹಗ್ಗ. ಹಗ್ಗದ ತುದಿ ಹಿಡಿದು ಮಾವ ಹೊಸ್ತಿಲಾಚೆ ಕೂರುತ್ತಿದ್ದರು. ನಾನು ಮಗುವನ್ನು ಮಲಗಿಸಿ, ಸೆರಗಿಗೆ ಕೈಕಾಲು ಸಿಕ್ಕಿಕೊಂಡಿಲ್ಲವೆಂದು ನೋಡಿ, ಲೋಟದಿಂದ ಬಾಗಿಲ ಚೌಕಟ್ಟಿಗೆ ಮೂರು ಸಲ ತಟ್ಟಬೇಕು. ತಟ್ಟಿದ ಮೇಲೆಯೇ ಜೋಲಿ ಅಲ್ಲಾಡುತ್ತಿತ್ತು. ಮಗು ಎಷ್ಟು ಕಿರುಚಿಕೊಂಡರೂ ಅಷ್ಟೇ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ಅದೇ ಅಭ್ಯಾಸವಾಯಿತು. ಗಂಡನ ಮನೆಯಲ್ಲಿ ಮೊದಲ ಸಲ ಯಾರೋ ನನ್ನ ಮಾತಿಗೆ ಕಾಯುತ್ತಿದ್ದಾರೆ ಅನ್ನಿಸಿ ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಗಣಿ ಮುಚ್ಚಿದ ವರ್ಷ ಮಾವ ಬಂಗಾರಪೇಟೆಗೆ ಹೋಗಿ ಕಾರು ಕಲಿತು ಲೈಸೆನ್ಸ್ ಮಾಡಿಸಿದ್ದರಂತೆ. ಟ್ಯಾಕ್ಸಿ ಓಡಿಸುವ ಆಸೆ. ಆದರೆ ಕ್ಲಚ್ಚು ಗೇರು ಅವರಿಗೆ ಒಗ್ಗಲೇ ಇಲ್ಲ. “ಡೀಸೆಲ್ ಗಾಡಿ ಎಮ್ಮೆ ಇದ್ದಂಗೆ. ಒದೀಬೇಕು, ಬಯ್ಬೇಕು, ಆಮೇಲೆ ಎದ್ದೇಳ್ತದೆ. ಕರೆಂಟು ಹಂಗಲ್ಲ, ಬೆರಳಿಟ್ರೆ ಸಾಕು,” ಅನ್ನುತ್ತಿದ್ದರು. ಒಂದು ದಿನವೂ ಕಾರು ಓಡಿಸದೆ, ಐದೈದು ವರ್ಷಕ್ಕೊಮ್ಮೆ ತಪ್ಪದೆ ಲೈಸೆನ್ಸ್ ಮಾತ್ರ ಹೊಸದು ಮಾಡಿಸಿಕೊಂಡು ಬಂದರು. ಈಗ ಎಪ್ಪತ್ನಾಲ್ಕು ವಯಸ್ಸು. ಬರುವ ಮಾರ್ಚಿಗೆ ಅದೂ ಮುಗಿಯುವುದಿತ್ತು. ಎಡಗಣ್ಣಿನ ನರ ಒಣಗುತ್ತಿದೆ, ಮುಂದಿನ ಸಲ ನಾನು ಸಹಿ ಹಾಕುವುದಿಲ್ಲ ಎಂದು ಕಣ್ಣಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಅಂಥ ಹೊತ್ತಿನಲ್ಲಿ ಆ ಕಾರು ಬಂತು.

ಸಣ್ಣ ಎಲೆಕ್ಟ್ರಿಕ್ ಕಾರು. ಹಳೆಯ ಮಾದರಿಯನ್ನು ನೋಡಿ ಜನ ‘ಟಿಫನ್ ಡಬ್ಬಿ’ ಎಂದು ನಗಾಡಿದ್ದರು. ಈಗ ಅದೇ ಕಂಪನಿ ಅದನ್ನು ತಿದ್ದಿ ತೀಡಿ, ಉದ್ದ ಮಾಡಿ, ಮುಖ ಬದಲಾಯಿಸಿ, ನಮ್ಮಂಥವರೂ ಕಣ್ಣೆತ್ತಿ ನೋಡಬಹುದಾದ ಬೆಲೆಗೆ ಬಿಟ್ಟಿತ್ತು. ಡಿಸೆಂಬರ್ ಪೂರ್ತಿ ಅದೇ ಮಾತು. ಮಾರಿಕುಪ್ಪಂ ರೈಲಿನಲ್ಲಿ ಸೀಟು ಸಿಗದೆ ನೇತಾಡುವವರೂ ಮೊಬೈಲಿನಲ್ಲಿ ಅದರ ವೀಡಿಯೊ ನೋಡುತ್ತಿದ್ದರು. ಬಂಗಾರಪೇಟೆಯಲ್ಲಿ ಪಾನಿಪುರಿ ತಿನ್ನಲು ನಿಂತರೆ ಪಕ್ಕದವರು ಬಾಯಿ ತುಂಬಿಕೊಂಡೇ ‘ಒಂದು ಸಲ ಚಾರ್ಜ್ ಮಾಡಿದ್ರೆ ತಿರುಪತಿಗೋಗಿ ಬರ್ಬೌದಂತೆ’ ಅನ್ನುತ್ತಿದ್ದರು. ಅಂಗನವಾಡಿಗೆ ಬರುವ ತಾಯಂದಿರಲ್ಲೂ ಇದೇ: ಹಿಂದೆ ಅಕ್ಕಿ ಮೂಟೆ ಹಿಡಿಸುತ್ತದೆಯೇ, ಬಾಣಂತಿ ಕಾಲು ಚಾಚಿ ಕೂರಬಹುದೇ. ನಾನೂ ಕೇಳಿದವಳೇ. ಎರಡನೆಯ ಹೆರಿಗೆಗೆ ಆಟೋದಲ್ಲಿ ಕುಲುಕಾಡಿಕೊಂಡು ಹೋದದ್ದು ಮರೆಯುವಂಥದ್ದಲ್ಲ.

ಮಾವ ಯಾರ ಮಾತಿಗೂ ಸೇರದೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಒಂದು ಬೆಳಗ್ಗೆ ಕಾಫಿ ಕೊಟ್ಟಾಗ ಮೆಲ್ಲಗೆ ಅಂದರು: “ಅರುಣಾ, ಬಾನ್ವಾರ ರಾಬರ್ಟ್‌ಸನ್ ಪೇಟೆ ಮೈದಾನಕ್ಕೆ ಆ ಕಾರು ತತ್ತಾರಂತೆ. ಲೈಸನ್ಸ್ ಇದ್ದೋರಿಗೆ ಒಂದು ಸುತ್ತು ಕೊಡ್ತಾರಂತೆ. ತಗೊಳಕ್ಕಲ್ಲಮ್ಮಾ. ಒಂದೇ ಒಂದು ಸುತ್ತು. ಮಾರ್ಚಾದ್ಮೇಲೆ ಯಾರು ಕೊಡ್ತಾರೆ?”

“ಹೋಗೋಣ ಮಾವ.”

“ನೀನು ಬರ್ಬೇಕು. ಗಂಟೆ ಒಡಿಯಕ್ಕೆ ಜನ ಬೇಕಲ್ಲ,” ಎಂದು ನಕ್ಕರು. ನಾನೂ ನಕ್ಕು ಆಯಿತು ಎಂದೆ. ತಮಾಷೆಯಂತೆಯೇ ಆಡಿದ ಮಾತು, ನಿಜ. ಆದರೆ ಮಾವ ತಮಾಷೆಗೆ ಆಡಿದ ಮಾತನ್ನೂ ನಡೆಸುವವರು ಎಂದು ಅಷ್ಟು ವರ್ಷ ಜೋಲಿ ಕಟ್ಟಿದವಳಿಗೆ ಗೊತ್ತಿರಬೇಕಿತ್ತು.

ಭಾನುವಾರ ನನ್ನ ಯಜಮಾನರಿಗೆ ಡ್ಯೂಟಿ ಬಿತ್ತು. ಐದು ತಿಂಗಳ ಗಂಡುಮಗುವನ್ನು ಸೊಂಟಕ್ಕೇರಿಸಿ, ಚಂದನಳ ಕೈ ಹಿಡಿದು ಹೊರಟೆ. ಕದಿರಮ್ಮ ಕರೆಯದೆಯೇ ಬಂದಳು. ಮಾವ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟಿದ್ದರು. ಗಣಿಯದು, ಕಾಲರ್ ಸವೆದಿತ್ತು.

ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುವೆ ಬಣ್ಣದ ಹಗ್ಗ ಕಟ್ಟಿ ದಾರಿ ಮಾಡಿದ್ದರು. ತಿಳಿ ಹಸಿರು ಬಣ್ಣದ ಕಾರು. ಹುಡುಗಿಯರು ಅದಕ್ಕೊರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಯಾರೋ ಒಬ್ಬ ಮುದುಕ ಬಾನೆಟ್ಟಿಗೆ ಕಿವಿ ಹಚ್ಚಿ, “ಏಮಿರಾ, ಇಂಜಿನ್ನೇ ಇಲ್ವಲ್ಲೋ!” ಎಂದ. “ಆಯುಧಪೂಜೆಗೆ ಕುಂಬ್ಳಕಾಯಿ ಎಲ್ಲಿ ಒಡೀತೀರಲಾ ಇದಕ್ಕೆ?” ಅಂತ ಇನ್ನೊಬ್ಬ. ಕದಿರಮ್ಮ ಡಿಕ್ಕಿ ತೆಗೆಸಿ ಅದರೊಳಗೆ ಅರ್ಧ ಮೈ ತೂರಿಸಿ, “ಎರಡು ಮೂಟೆ ರಾಗಿ ಆರಾಮಾಗಿ ಓಗ್ತದೆ,” ಎಂದು ಊರಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟಳು.

ಕಂಪನಿಯ ಹುಡುಗನ ಹೆಸರು ವಿಜಯಕುಮಾರ್, ಬಂಗಾರಪೇಟೆಯವನು. ಆ ಬಿಸಿಲಲ್ಲೂ ಟೈ ಕಟ್ಟಿಕೊಂಡಿದ್ದ. ಲೈಸೆನ್ಸನ್ನು ಎರಡೆರಡು ಸಲ ತಿರುಗಿಸಿ ನೋಡಿ, “ತಾತ, ನೀವೇ ಓಡಿಸ್ತೀರಾ?” ಎಂದು ಕೇಳಿದ.

“ಮೂವತ್ತು ವರ್ಸ ಕರೆಂಟ್ ಗಾಡಿ ಓಡ್ಸಿವ್ನಪ್ಪಾ.”

“ಎಲ್ಲಿಗೆ ತಾತಾ?”

“ಕೆಳಕ್ಕೆ,” ಎಂದರು ಮಾವ.

ಹುಡುಗನಿಗೆ ಅರ್ಥವಾಗಲಿಲ್ಲ. ಸುತ್ತ ನಿಂತ ಹಳಬರು ಮಾತ್ರ ಹೋ ಎಂದು ನಕ್ಕರು. ಮಾವ ಒಳಗೆ ಕೂತರು. ನಾನು ಕೈ ಬಿಡುವ ಮೊದಲೇ ಚಂದನ ಹಿಂದಿನ ಸೀಟಿಗೆ ಹಾರಿದಳು, ಅವಳ ಹಿಂದೆಯೇ ಕದಿರಮ್ಮ. ವಿಜಯಕುಮಾರ್ ಎಡಗಡೆ ಕೂತ. ಬಾಗಿಲುಗಳು ಮುಚ್ಚಿದವು. ನಾನು ಮಗುವನ್ನೆತ್ತಿಕೊಂಡು ಮಾವನ ಕಿಟಕಿಯ ಪಕ್ಕ ನಿಂತೆ. ಗಾಜು ಒಂದು ಗೇಣು ಇಳಿದಿತ್ತು.

“ಆನ್ ಆಗಿದೆ ತಾತಾ. ಬಲಗಾಲು ಮೆಲ್ಲಗಿಡಿ, ಓಗ್ತದೆ.”

ಮಾವ ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಎದುರಿಗೆ ನೋಡುತ್ತಾ ಕೂತರು. ಕಾರು ಅಲ್ಲಾಡಲಿಲ್ಲ.

“ತಾತಾ, ಇಡಿ ಕಾಲು.”

ಹಗ್ಗದಾಚೆ ಸಾಲಿನಲ್ಲಿದ್ದವರಿಗೆ ತಾಳ್ಮೆ ತಪ್ಪಿತು. ಒಬ್ಬ ತಮಿಳಿನಲ್ಲಿ “ಎನ್ನ ತಾತಾ, ತೂಂಗಿಟ್ಟಿಯಾ?” ಎಂದು ಕೂಗಿದ. ನಿದ್ದೆ ಬಂತಾ ಎಂದು. “ತಾತ ಚಿನ್ನ ತೋಡ್ತಾವ್ನೆ ಬುಡ್ರಲಾ!” ಎಂದು ಮತ್ತೊಬ್ಬ. ನಗುವೋ ನಗು. ಒಳಗಿನಿಂದ ಕದಿರಮ್ಮನೂ, “ಲೇ ಡ್ರೈವರೂ, ಇಲ್ಲೂ ಕುರ್ಚಿಗೆ ಅಂಟ್ಕಂಡ್ಯಾ?” ಎಂದಳು.

ಅಷ್ಟೂ ಜನರಲ್ಲಿ ಅವರು ಯಾಕೆ ಕೂತಿದ್ದಾರೆಂದು ಗೊತ್ತಿದ್ದವಳು ನಾನೊಬ್ಬಳೇ. ಹಿಂದೆ ಮನುಷ್ಯರು ಕೂತಿದ್ದಾರೆ. ಅವರಿಗೆ ಹಿಂದೆ ಕಾಣುವುದಿಲ್ಲ, ಎಡಕ್ಕೆ ಕಾಣುವುದಿಲ್ಲ. ಅವರು ಗಂಟೆಗೆ ಕಾಯುತ್ತಿದ್ದರು.

ನನ್ನ ಕೈಯಲ್ಲಿ ಮನೆಯ ಬೀಗದ ಗೊಂಚಲಿತ್ತು. ಗಾಜಿಗೆ ಮೂರು ಸಲ ಮುಟ್ಟಿಸಿದ್ದರೆ ಮುಗಿದಿತ್ತು. ದಾರಿ ಖಾಲಿಯಿತ್ತು, ನಾನು ನೋಡಿದೆ. ಹುಡುಗನ ಕಾಲ ಬಳಿಯೂ ಒಂದು ಬ್ರೇಕ್ ಇಟ್ಟಿದ್ದರು, ಅದನ್ನೂ ನೋಡಿದೆ. ಆದರೂ ಕೈ ಏಳಲಿಲ್ಲ. ಡಾಕ್ಟರ ಮಾತು ನೆನಪಾಯಿತು. ಹಿಂದೆ ಚಂದನ ಇದ್ದಳು. ಏನಾದರೂ ಆದರೆ ಯಜಮಾನರಿಗೆ ಏನು ಉತ್ತರ ಕೊಡಲಿ ಎಂದಿತು ಮನಸ್ಸು. ಮಗಳನ್ನು ಇಳಿಸಿಕೊಂಡು ತಟ್ಟಬಹುದಿತ್ತು. ಅದು ಹೊಳೆದದ್ದು ಮನೆಗೆ ಬಂದ ಮೇಲೆ. ಇನ್ನೂ ಒಂದು ಮಾತಿದೆ, ಅದನ್ನೂ ಬರೆದುಬಿಡುತ್ತೇನೆ. ಅಷ್ಟು ಜನ ನಗುತ್ತಿರುವಾಗ ಗಾಜು ತಟ್ಟಿ ಆ ನಗುವಿಗೆ ನಾನೂ ಗುರಿಯಾಗಲು ನಾಚಿಕೆಯಾಯಿತು.

ಮಾವ ಒಂದು ಸಲ ಕತ್ತು ತಿರುಗಿಸಿ ನನ್ನ ಮುಖ ನೋಡಿದರು. ಬೇಡಿಕೊಂಡ ನೋಟವಲ್ಲ. ಕೆಲಸದ ನೋಟ. ನಾನು ಮಗುವಿನ ಟೋಪಿ ಸರಿಮಾಡಿದೆ.

ಅವರು ಸ್ಟಿಯರಿಂಗಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಬ್ಯಾಡಪ್ಪಾ, ನೀನೇ ಓಡ್ಸು,” ಎಂದು ಇಳಿದು, ಮುಂದಿನಿಂದ ಸುತ್ತಿ ಹೋಗಿ ಎಡಗಡೆ ಕೂತರು. ಕಾರು ಸದ್ದೇ ಇಲ್ಲದೆ ಒಂದು ಸುತ್ತು ಹೋಗಿ ಬಂತು. ಇಳಿದಾಗ ಜನ ಚಪ್ಪಾಳೆ ತಟ್ಟಿದರು. ಮುದುಕರಿಗೂ ಮಕ್ಕಳಿಗೂ ತಟ್ಟುತ್ತಾರಲ್ಲ, ಅಂಥದ್ದು. ಚಂದನ ಇನ್ನೊಂದು ಸುತ್ತು ಬೇಕೆಂದು ಅತ್ತಳು. “ಎಂಗಿತ್ತು ಡ್ರೈವರೂ?” ಎಂದು ಕದಿರಮ್ಮ ಕೆಣಕಿದರೆ, “ಚೆನ್ನಾಗದೆ. ಮೋಟ್ರು ಒಳ್ಳೇದು,” ಎಂದರು, ಅಷ್ಟೇ.

ಸಂಜೆ ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಮಾವ ಬಂದು ಎದುರಿಗೆ ಕೂತು ತಾವೂ ಒಂದು ಹಿಡಿ ತೆಗೆದುಕೊಂಡರು. ಬಯ್ಯುತ್ತಾರೆ, ಇಲ್ಲವೇ ಮಾತೇ ಬಿಡುತ್ತಾರೆ ಅಂದುಕೊಂಡಿದ್ದೆ. ಎರಡಕ್ಕೂ ತಯಾರಾಗಿದ್ದೆ.

“ಅರುಣಾ, ಏನು ಕಂಡ್ಯಮ್ಮಾ?” ಎಂದು ಕೇಳಿದರು.

“ಏನು ಮಾವ?”

“ನೀನು ತಟ್ನಿಲ್ಲ. ಏನೋ ಕಂಡಿರ್ತೀಯ. ಡ್ಯೂಟಿ ಟೈಮಲ್ಲಿ ಕೇಳ್ಬಾರ್ದು, ಅದಕ್ಕೆ ಈಗ ಕೇಳ್ತಾ ಇವ್ನಿ.”

ಅವರ ದನಿಯಲ್ಲಿ ಚೂರೂ ಕೊಂಕಿರಲಿಲ್ಲ. ನಾನು ಹೆದರಿರಬಹುದು, ಅವರನ್ನು ನಂಬದೆ ಹೋಗಿರಬಹುದು ಎಂಬುದು ಅವರ ತಲೆಗೆ ಬಂದೇ ಇರಲಿಲ್ಲ.

“ನಾಯಿ,” ಎಂದೆ. “ಒಂದು ನಾಯಿ ಹಗ್ಗದಡಿಯಿಂದ ಅಡ್ಡ ನುಗ್ಗಿತು ಮಾವ. ನಿಮ್ಮ ಎಡಗಡೆ.”

ಮಾವನ ಮುಖ ಅರಳಿತು. “ನೋಡ್ದಾ! ನಾನು ಅಂದ್ಕಂಡೆ. ಎಡಗಡೆ ನಂಗೆ ಕಾಣಲ್ಲ. ಆ ಹುಡುಗನ ಮಾತು ಕೇಳಿ ಕಾಲಿಟ್ಟಿದ್ರೆ ಪಾಪ ನಾಯಿ ಓಗ್ತಿತ್ತು,” ಎಂದು ಎದ್ದು ನೇರವಾಗಿ ಕದಿರಮ್ಮನ ಬಾಗಿಲಿಗೆ ಹೋದರು. ಅವರ ಗಟ್ಟಿ ದನಿ ಗೋಡೆಯಾಚೆಯಿಂದ ಕೇಳುತ್ತಿತ್ತು. ನಾನು ಸುಲಿದ ಕಾಳನ್ನು ಸಿಪ್ಪೆಯ ಮೊರಕ್ಕೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕುತ್ತಿದ್ದೆ.

ರಾತ್ರಿ ಮಲಗುವ ಮುಂಚೆ ಚಂದನ, “ಅಮ್ಮಾ, ನಾಯಿ ಎಲ್ಲಿತ್ತು? ನಾನು ನೋಡ್ಲೇ ಇಲ್ಲ,” ಎಂದಳು. “ನೀನು ಹಿಂದೆ ಕೂತಿದ್ದೆ,” ಎಂದು ಹೊದಿಕೆ ಎಳೆದೆ. ಆವತ್ತಿನ ನನ್ನ ಡೈರಿಯ ಪುಟದಲ್ಲಿ ಮಗುವಿನ ಚುಚ್ಚುಮದ್ದಿನ ತಾರೀಖು, ಗ್ಯಾಸ್ ಬುಕ್ ಮಾಡಿದ್ದು, ಅದರ ಕೆಳಗೆ ‘ಮಾವ ಕಾರು ನೋಡಿದರು’ ಎಂದಷ್ಟೇ ಇದೆ.

ಮಾರ್ಚಿನಲ್ಲಿ ಲೈಸೆನ್ಸ್ ಮುಗಿಯಿತು. ಅದನ್ನು ಗಣಿಯ ಹಳೆಯ ಪಾಸಿನ ಜೊತೆ ತಗಡಿನ ಡಬ್ಬಿಯೊಳಗಿಟ್ಟು ಮುಚ್ಚಿದರು. ಅದಕ್ಕೂ ಮುಂಚೆ ಇನ್ನೊಂದು ಸಲ ಕರೆದುಕೊಂಡು ಹೋಗಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಾನು ಕೇಳಿದೆ, ಫೆಬ್ರವರಿಯಲ್ಲಿ. “ಬ್ಯಾಡಮ್ಮಾ. ನಾಯಿ ಬಂದಿದ್ದು ಕಾಣದೆ ಇರೋ ಕಣ್ಣಲ್ಲಿ ಯಾಕೆ?” ಎಂದುಬಿಟ್ಟರು. ನಾನು ಹುಟ್ಟಿಸಿದ ನಾಯಿಯೇ ಅವರಿಗೆ ಅಡ್ಡ ನಿಂತಿತು.

ಈಗ ಆ ಕಾರು ನಮ್ಮ ಬೀದಿಯಲ್ಲೇ ಎರಡಿವೆ. ಒಂದು ಕದಿರಮ್ಮನ ಅಳಿಯನದು. ಹೋದ ವಾರ ಅವನು ತಂದು ನಿಲ್ಲಿಸಿದಾಗ ಲೈನಿಗೆ ಲೈನೇ ಸೇರಿತು. ಮಾವ ಜಗಲಿಯ ಮೇಲೆ ಕೂತು ಹುಡುಗರಿಗೆ ಮೈದಾನದ ಕತೆ ಹೇಳುತ್ತಿದ್ದರು. ನಾನು ಒಳಗೆ ಮಗುವನ್ನು ಜೋಲಿಗೆ ಹಾಕಿ, ಕೈಕಾಲು ಸರಿಮಾಡಿ, ಲೋಟ ಎತ್ತಿದೆ. ಮೂರು ಸಲ ತಟ್ಟಿದೆ. ಕತೆ ನಿಲ್ಲಿಸದೆಯೇ ಮಾವ ಹಗ್ಗ ಎಳೆದರು. ಜೋಲಿ ತೂಗಿತು.

“ಬೇಕಾದ್ರೆ ನಮ್ಮ ಅರುಣಾನ್ನೇ ಕೇಳ್ರಲಾ,” ಎನ್ನುತ್ತಿದ್ದರು. “ಅವಳೇ ಕಂಡೋಳು. ಯಾವ ಬಣ್ಣದ ನಾಯಮ್ಮಾ ಅದು?”

ಚಂದನ ಹೊಸ್ತಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಳು.

“ಕಂದು ಬಣ್ಣದ್ದು ಮಾವ,” ಎಂದೆ.