ಅಳತೆ ಸಿಗದ ಬೆಳಿಗ್ಗೆ

ದೆವ್ವ, ಶಕುನ, ಸೂಚನೆ ಅಂತ ಯಾರಾದರೂ ಶುರುಮಾಡಿದರೆ ‘ಸಾಕು ಸುಮ್ನಿರಿ’ ಎಂದು ಎದ್ದು ಹೋಗುತ್ತಿದ್ದವನು ನಾನು. ಈಗ ಎದ್ದು ಹೋಗುವುದಿಲ್ಲ. ಹಾಗಂತ ನಂಬುತ್ತೇನೆ ಎಂದೂ ಅಲ್ಲ. ನಡೆದದ್ದನ್ನು ಹೇಳುತ್ತೇನೆ, ನಿಮಗೇನಾದರೂ ಹೊಳೆದರೆ ಹೇಳಿ.

ಕಾಡಿನೊಳಗಿನ ಹೊಳೆಗಳ ನೀರನ್ನು ದಿನಾ ಅಳೆಸುವ ಕೆಲಸ ನಮ್ಮದು. ಕಚೇರಿ ಎಂದರೆ ಬೆಂಗಳೂರಿನ ವಿಜಯನಗರದ ಮಾರ್ಕೆಟ್ ಹಿಂದೆ, ಮಹಡಿ ಮೇಲಿನ ಒಂದು ರೂಮು. ಇಲ್ಲಿಂದ ಜನ ಕಳಿಸಿದರೆ ವಾರಕ್ಕೇ ಓಡಿಬರುತ್ತಿದ್ದರು. ಅದಕ್ಕೆ ಆಯಾ ಊರಿನವರನ್ನೇ ಹುಡುಕಿದೆವು. ಅವರಿಗೆ ಮೊದಲ ಪಾಠ ಕೆಂಗೇರಿಯ ಬಳಿ ಕೊಳಚೆ ಹೊತ್ತು ಹರಿಯುವ ವೃಷಭಾವತಿಯಲ್ಲಿ. ‘ಇದೂ ಹೊಳೇನಾ ಸಾರ್? ಥೂ!’ ಎಂದು ಮೂಗಿಗೆ ಸೆರಗು ಒತ್ತಿಕೊಂಡು ದೇವಕ್ಕ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ದೇವಕ್ಕನದು ಚಾಮರಾಜನಗರದಾಚೆಯ ಕಾಡಂಚಿನ ಊರು. ಅದೇ ಹೊಳೆಯ ಕೆಳಗಿನ ಊರಿನಲ್ಲಿ ಬಸಣ್ಣ. ಮೇಲೆ ದೇವಕ್ಕ ಅಳತೆಯ ಕಂಬ ನೋಡಿ, ಮನೆಗೆ ಬಂದು ನನಗೆ ಫೋನ್ ಮಾಡಬೇಕು. ಮೇಲೆ ಹೊಳೆಯ ಹತ್ತಿರ ಸಿಗ್ನಲ್ ಇಲ್ಲ, ಹಾಗಾಗಿ ಮೊಬೈಲನ್ನು ಮನೆಯ ಗೂಡಿನಲ್ಲೇ ಇಟ್ಟು ಹೋಗುತ್ತಿದ್ದರು. ಅಳತೆ ಹೇಳಿ, ಕೊನೆಗೆ ‘ಬಸಣ್ಣ ಇಳೀಲಿ ಸಾರ್’ ಅನ್ನುತ್ತಿದ್ದರು. ‘ದೇವಕ್ಕ ಏನಂತವ್ರೆ ಸಾರ್?’ ಎಂದು ಕೇಳಿ, ನಾನು ಅದನ್ನು ತಿಳಿಸಿದ ಮೇಲೇ ಬಸಣ್ಣ ಹೊಳೆ ನಡುವಿನ ತನ್ನ ಕಂಬ ನೋಡಲು ನೀರಿಗೆ ಇಳಿಯುವುದು. ಅದು ನಾವು ಮಾಡಿಕೊಂಡ ಪದ್ಧತಿ.

ಆ ಬೆಳಿಗ್ಗೆ ಏಳರ ಹೊತ್ತಿಗೆ ಸೊಪ್ಪು ಕೊಳ್ಳುತ್ತಾ ನಿಂತಿದ್ದೆ. ದೇವಕ್ಕನ ಫೋನು ಬಂತು.

‘ಬಸಣ್ಣಂಗೆ ಇಳೀಬ್ಯಾಡ ಅನ್ನಿ ಸಾರ್.’

‘ಆಯ್ತಮ್ಮಾ, ಅಳತೆ ಹೇಳಿ.’

‘ಅಳತೆ ಸಿಕ್ಕಿಲ್ಲ ಸಾರ್.’

ದನಿಯಲ್ಲಿ ಗಾಬರಿ ಇರಲಿಲ್ಲ. ಕರೆ ಕಟ್ಟಾಯಿತು. ಅಳತೆಯಿಲ್ಲದೆ ಇದೆಂಥ ಫೋನು ಎಂದು ಗೊಣಗಿಕೊಂಡೇ ಬಸಣ್ಣನಿಗೆ ತಿಳಿಸಿದೆ. ‘ಇಲ್ಲಿ ಚೆಂದಾಗ್ ಬಿಸ್ಲು ಹೊಡೀತಾ ಐತೆ ಸಾರ್, ನೀರೇ ಇಲ್ಲ’ ಎಂದು ಆತ ನಕ್ಕ. ಆದರೂ ಮಾತು ಮೀರದೆ ದಡದಲ್ಲೇ ಕೂತ. ಸ್ವಲ್ಪ ಹೊತ್ತಿಗೆ ಕೆಂಪು ನೀರು ನುಗ್ಗಿಬಂದು ಅವನು ಇಳಿಯಬೇಕಿದ್ದ ಜಾಗದ ಕಂಬವನ್ನೇ ಕಿತ್ತುಕೊಂಡು ಹೋಯಿತು.

ನಿಮ್ಮಿಂದ ಒಂದು ಜೀವ ಉಳಿಯಿತು ಎನ್ನಲು ದೇವಕ್ಕನಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ಗಂಡ. ‘ಬೆಳಕು ಹರಿಯುತ್ಲೇ ಹೋದ್ಲು ಸಾರ್. ಆರೂವರೆಗೆಲ್ಲಾ ಕಂಬದತ್ರನೇ ನೀರು ಎಳ್ಕೊಂಡೋಯ್ತು. ದನ ಹೊಡ್ಕೊಂಡೋಗೋರು ಕಣ್ಣಾರೆ ನೋಡವ್ರೆ.’

‘ಆಮೇಲೆ ನಂಗೆ ಫೋನ್ ಮಾಡಿದ್ರಲ್ಲಪ್ಪಾ!’

‘ಯಾರು ಸಾರ್? ಮೊಬೈಲು ಗೂಡಲ್ಲೇ ಇತ್ತು. ಯಾರೂ ಮುಟ್ಟಿಲ್ಲ.’

ನನಗೆ ಅಳು ಬರಲಿಲ್ಲ. ಕಚೇರಿಯ ಮೆಟ್ಟಿಲ ಮೇಲೆ ಕೂತೆ. ತಂದ ಸೊಪ್ಪು ಪಕ್ಕದಲ್ಲೇ ಬಾಡಿತು.

ನನ್ನ ಫೋನಿನಲ್ಲಿ ಆ ಕರೆ ಇದೆ. ಅವರದರಲ್ಲಿ ಇಲ್ಲ. ನೆಟ್‌ವರ್ಕ್ ಎಡವಟ್ಟು ಬಿಡೋ ಅಂತಾರೆ ಗೆಳೆಯರು. ಇರಬಹುದು. ಎಡವಟ್ಟಿಗೆ ಬಸಣ್ಣನ ಹೆಸರು ಹೇಗೆ ಗೊತ್ತಾಯಿತು?

ಈಗ ಮೇಲೆ ದೇವಕ್ಕನ ಗಂಡನೇ ಅಳೆಯುತ್ತಾರೆ, ನೀರಿಗೆ ಇಳಿಯದೆ, ದಡದಿಂದಲೇ. ಬಸಣ್ಣನಿಗೆ ಹೊಸ ಕಂಬ ಹಾಕಿಕೊಟ್ಟಿದ್ದೇವೆ. ಅವನಿಗೆ ಎಲ್ಲವೂ ಗೊತ್ತು. ಆದರೂ ದಿನಾ ಬೆಳಿಗ್ಗೆ ನಾನು ಫೋನ್ ಮಾಡಿದಾಗ ಕೇಳುವುದು ಅದೇ ಹಳೆಯ ಮಾತು.

‘ದೇವಕ್ಕ ಏನಂತವ್ರೆ ಸಾರ್?’

‘ಇಳೀಬೋದಂತೆ ಕಣಪ್ಪಾ’ ಎನ್ನುತ್ತೇನೆ.