ತೊಗರಿಯ ಮಾತು ಕೇಳುವ ಯಂತ್ರ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಆಳಂದದಿಂದ ವರ್ಗವಾಗಿ ಜೇವರ್ಗಿಯ ಒಂದು ಗ್ರಂಥಾಲಯಕ್ಕೆ ಗ್ರಂಥಪಾಲಕನಾಗಿ ಬಂದೆ. ಯಾವ ಪುಸ್ತಕ ಯಾವ ಕಪಾಟಿಗೆ ಎಂಬುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಅದನ್ನು ಇಳಿಸಿದವರು ಕೊಳಕೂರಿನ ರೈತ ಶರಣಪ್ಪ.

ಒಂದು ಬೆಳಿಗ್ಗೆ ಅವರು ತೆಳ್ಳನೆಯ ಪುಸ್ತಕವೊಂದನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. "ಈ ಮಷಿನ್ ಎಲ್ಲಿ ಸಿಗ್ತದ್ರಿ ಸರ್? ಕಲಬುರಗಿ ಅಂಗಡಿ ಎಲ್ಲಾ ತಿರುಗಿ ಬಂದೇನಿ."

ತೊಗರಿಯ ಎಲೆಗೆ ಹಚ್ಚಿದರೆ, ನೆಟೆರೋಗ ತಗಲಿ ಗಿಡ ನಿಂತಲ್ಲೇ ಒಣಗುವ ಮೊದಲೇ ಎಚ್ಚರಿಸುವ ಯಂತ್ರ. ಅದು ಇದ್ದದ್ದು ಕಥೆಯಲ್ಲಿ! ಹೆಸರಿನಲ್ಲಿ ತೊಗರಿ ಕಂಡದ್ದೇ ತಡ, ವೈಜ್ಞಾನಿಕ ಕಥೆಗಳ ಆ ಸಂಕಲನವನ್ನು ನಾನು ತೆರೆದೂ ನೋಡದೆ ಕೃಷಿಯ ಕಪಾಟಿಗೆ ಸೇರಿಸಿದ್ದೆ. ತಪ್ಪು ಒಪ್ಪಿಕೊಂಡೆ. ಶರಣಪ್ಪನವರಿಗೆ ಸಿಟ್ಟು ಬಂತು. ಬರೆದವರನ್ನೇ ಕೇಳುತ್ತೇನೆ ಎಂದು ಪಟ್ಟು ಹಿಡಿದರು.

ಬರೆದವರು ಅತನೂರಿನ ಜುಬೇದಾ ಬೇಗಂ, ನಿವೃತ್ತ ವಿಜ್ಞಾನ ಶಿಕ್ಷಕಿ. ಇಂಥ ಕಥೆ ಕಟ್ಟುವವರೆಲ್ಲ ರಾಕೆಟ್ ಹಾರಿಸುವ ದೂರದ ದೇಶಗಳಲ್ಲಿರುತ್ತಾರೆ ಎಂದೇ ನಾನು ತಿಳಿದಿದ್ದೆ. ಫೋನ್ ಮಾಡಿದಾಗ ಅವರು, ಮೊದಲ ಪುಸ್ತಕವನ್ನು ಯಾರೂ ಓದಲಿಲ್ಲ, ಎರಡನೆಯದನ್ನು ಅರ್ಧಕ್ಕೆ ನಿಲ್ಲಿಸಿ ಟ್ರಂಕಿಗೆ ಹಾಕಿದ್ದೇನೆ, ಇನ್ನು ಬರೆಯುವುದಿಲ್ಲ ಎಂದರು. ಓದಿದವರೊಬ್ಬರು ಜಗಳಕ್ಕೆ ಹೊರಟಿದ್ದಾರೆ ಎನ್ನಲು ನನಗೆ ಬಾಯಿ ಬರಲಿಲ್ಲ; ಭೇಟಿಗೆ ಬರುತ್ತೇವೆ ಎಂದಷ್ಟೇ ಹೇಳಿದೆ.

ಭಾನುವಾರ ಶರಣಪ್ಪನವರೂ ನಾನೂ ಬಸ್ಸು ಹತ್ತಿ ಅತನೂರಿಗೆ ಹೋದೆವು. ಚಹಾ ಆರುವ ಮೊದಲೇ ಶರಣಪ್ಪ ಶುರುಮಾಡಿದರು.

"ಅಕ್ಕೋರೇ, ನೆಟೆರೋಗ ಹತ್ತೋದು ಬೇರಿಗಿ. ನೀವು ಮಷಿನ್ ಎಲಿಗಿ ಹಚ್ಚೀರಿ. ಎಲಿ ಹೇಳೋ ಹೊತ್ತಿಗಿ ಗಿಡ ಹೋಗಿರ್ತದ."

ಜುಬೇದಾ ಟೀಚರ್ ತಲೆ ತಗ್ಗಿಸಿದರು. ಉಳಿದಿದ್ದ ಆಸೆಯನ್ನೂ ನಾನೇ ಕರೆತಂದು ಕೊಲ್ಲಿಸಿದೆನಲ್ಲ ಎಂದು ನನಗೆ ಸಂಕಟವಾಯಿತು. ಅವರು ಎದ್ದು ಒಳಗೆ ಹೋದರು. ಟ್ರಂಕಿನ ಸದ್ದಾಯಿತು. ಹೊರಬಂದಾಗ ಕೈಯಲ್ಲಿ ಹಸ್ತಪ್ರತಿ, ಪೆನ್ನು.

"ಬೇರಿಗಿ ಹ್ಯಾಂಗ್ ಹಚ್ಚಬೇಕು ಹೇಳ್ರಿ, ಶರಣಪ್ಪಣ್ಣ."

ಆಮೇಲೆ ಕಪ್ಪು ಮಣ್ಣಿನ ಬಿರುಕು, ತೇವ, ಬೇರಿನ ಆಳ ಎಂದು ಇಬ್ಬರೂ ಮಾತಿಗಿಳಿದು ನನ್ನನ್ನು ಮರೆತೇಬಿಟ್ಟರು. ನಾನು ಬಿಸ್ಕತ್ತು ಮುಗಿಸಿದೆ.

ಮರುವರ್ಷ ಎರಡನೆಯ ಪುಸ್ತಕ ಬಂತು; ಅದರಲ್ಲಿ ಯಂತ್ರ ಬೇರಿಗೇ ಇಳಿದಿತ್ತು. ಪುಸ್ತಕವನ್ನು ಓದದೆ ಕಪಾಟಿಗೆ ಸೇರಿಸಬಾರದು ಎಂಬ ಪಾಠ ಕಲಿತಿದ್ದೆನಲ್ಲ, ಪೂರ್ತಿ ಓದಿ ಕಥೆಗಳ ಕಪಾಟಿನಲ್ಲೇ ಇಟ್ಟೆ. ಮೊದಲು ಒಯ್ದವರು ಶರಣಪ್ಪ. ಹಿಂತಿರುಗಿಸಲು ಬಂದಾಗ, ಇದೂ ಕಥೆಯೇ, ಮತ್ತೆ ಅಂಗಡಿ ಸುತ್ತಬೇಡಿ ಎಂದು ರೇಗಿಸಿದೆ.

"ಗೊತ್ತದ್ರಿ ಸರ್," ಎಂದರು. "ಆದ್ರ ಈ ಸಲದ ಮಷಿನ್ ಯಾರರೆ ಮಾಡ್ತಾರ ನೋಡ್ರಿ."